ಸಹಾಯ ಬೇಕು: ಹಾಳೆ ತಟ್ಟೆ ಘಟಕ ಮತ್ತು ಹಿರಿಯರ ಸೇವೆಗೆ ಯಾವ ನೋಂದಣಿ ಸೂಕ್ತ?

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ನಮ್ಮ ಊರಿನ ಸ್ವಸಹಾಯ ಸಂಘದ ಹೆಂಗಸರು ಸೇರಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತಿದ್ದೇವೆ. ತೋಟದಲ್ಲಿ ಬಿದ್ದ ಹಾಳೆಯನ್ನು ಮಳೆಗಾಲಕ್ಕೆ ಮುಂಚೆಯೇ ಒಣಗಿಸಿ ಅಟ್ಟಕ್ಕೆ ಏರಿಸಿಟ್ಟು, ಬೇಕಾದಾಗ ನೆನೆಸಿ, ತಿಕ್ಕಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಬೂಷ್ಟು ಹಿಡಿದ ಒಂದು ತಟ್ಟೆ ಸೇರಿದರೂ ಇಡೀ ಕಟ್ಟು ವಾಪಸು ಬರುತ್ತದೆ. ಉಳಿದ ಹಣದಲ್ಲಿ ಒಂದು ಭಾಗವನ್ನು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂಟಿಯಾಗಿರುವ ಹಿರಿಯರಿಗೆ ಮಾತ್ರೆ ತಂದುಕೊಡಲು, ಆಸ್ಪತ್ರೆಗೆ ಕರೆದೊಯ್ಯಲು ಬಳಸುತ್ತೇವೆ. ಜೋರು ಮಳೆಗೆ ಬಸ್ಸು ನಿಂತರೆ ಅವರಿಗೆ ಬೇರೆ ದಿಕ್ಕಿಲ್ಲ, ಆದ್ದರಿಂದ ಈ ಕೆಲಸವನ್ನು ಕೈಬಿಡುವ ಮಾತೇ ಇಲ್ಲ.

ಈಗ ದೇಣಿಗೆ ಕೊಡಲು ಕೆಲವರು ಮುಂದೆ ಬಂದಿದ್ದಾರೆ, ಆದರೆ ಕೊಟ್ಟ ಹಣಕ್ಕೆ ಆದಾಯ ತೆರಿಗೆ ರಿಯಾಯಿತಿ ಪಡೆಯಲು ಬೇಕಾದ 80ಜಿ ರಸೀದಿ ಕೇಳುತ್ತಾರೆ. ಪರಿಚಯದ ವಕೀಲರು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಿ ಎಂದರು. ಲೆಕ್ಕ ಪರಿಶೋಧಕರು 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕಂಪನಿಯೇ ಒಳ್ಳೆಯದು ಎಂದರು, ಆದರೆ ಅದರಲ್ಲಿ ಲಾಭವನ್ನು ಸದಸ್ಯರಿಗೆ ಹಂಚುವಂತಿಲ್ಲ. ಸಹಕಾರ ಸಂಘವಾದರೆ ಲಾಭಾಂಶ ಹಂಚಬಹುದು. ದುಡಿದ ಹೆಂಗಸರಿಗೆ ಪಾಲು ಸಿಗಲೇಬೇಕೆಂಬುದು ನಮ್ಮೆಲ್ಲರ ಗಟ್ಟಿ ಅಭಿಪ್ರಾಯ. ಗೊಂದಲವಿರುವುದು ಇಲ್ಲಿಯೇ.

ತಟ್ಟೆ ಘಟಕಕ್ಕೆ ಸಹಕಾರ ಸಂಘ, ಹಿರಿಯರ ಸೇವೆಗೆ ಟ್ರಸ್ಟ್ ಎಂದು ಎರಡು ನೋಂದಣಿ ಮಾಡಿಸಬೇಕೇ, ಅಥವಾ ಸೆಕ್ಷನ್ 8ರ ಕಂಪನಿ ಒಂದರಲ್ಲೇ ಹೆಂಗಸರ ಕೂಲಿ ಹೆಚ್ಚಿಸಿ ಎರಡನ್ನೂ ನಡೆಸಬಹುದೇ? ಸ್ವತಃ ನಡೆಸಿದ ಅನುಭವವಿರುವವರು, ವರ್ಷದ ಲೆಕ್ಕ ತಪಾಸಣೆಗೆ ತಗಲುವ ಖರ್ಚಿನ ಸಹಿತ, ದಯವಿಟ್ಟು ತಿಳಿಸಿ.