ಹಲ್ಲುಗಳ ನಡುವೆ ಬೇಕಂತಲೇ ಬಿಡುವ ಸಂದಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದಿಂದ ನನ್ನ ಗೇರ್‌ಬಾಕ್ಸ್ ಹಾಳಾಯಿತು. ಅದಕ್ಕೇ ಈ ಪ್ರಶ್ನೆ. ಪದದ ಹಿಂದೆ ಸ್ವಲ್ಪ ಕತೆ ಇದೆ, ತಾಳ್ಮೆಯಿಂದ ಓದಿ.

ರಿಮೋಟಿನಲ್ಲಿ ಓಡಿಸುವ ಪುಟ್ಟ ರೇಸ್ ಕಾರುಗಳ ಹುಚ್ಚು ನನಗೆ. ಆಟಿಕೆ ಅಂದರೆ ಈ ಹುಚ್ಚಿನವರು ಮುನಿಸಿಕೊಳ್ಳುತ್ತಾರೆ, ನಾನೂ ಮುನಿಸಿಕೊಳ್ಳುತ್ತೇನೆ. ನನ್ನದು ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿ ಬೀಳುವ ಬಗ್ಗಿ. ಅಸಲಿ ಗಾಡಿಯ ಹತ್ತನೇ ಒಂದರಷ್ಟು ಗಾತ್ರ. ಮೋಟಾರಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದಕ್ಕೆ ಕೊಂಡ ಗೇರ್‌ಬಾಕ್ಸ್ ಬೇಡ, ನಾವೇ ಒಂದು ಮಾಡೋಣ ಅಂತ ನಾನೂ ಗೆಳೆಯನೂ ಕೂತೆವು. ಲೆಕ್ಕ ನನ್ನದು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು ಅವನದು. ಟಿಪ್ಪಣಿ ಎಲ್ಲ ಕನ್ನಡದಲ್ಲೇ ಇರಲಿ ಅನ್ನೋದು ಇಬ್ಬರ ಹಟ.

ಒಳಗೆ ಮೂರು ಗೇರ್. ಮೇಲಿನದಕ್ಕೆ 20 ಹಲ್ಲು, ನಡುವಿನದಕ್ಕೆ 28, ಕೆಳಗೆ ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಬಲ ಹಂಚಿ, ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಮೇಲೆ ಕೂರುವುದಕ್ಕೆ 52. ಹಲ್ಲಿನ ಅಳತೆ 0.6 ಮಾಡ್ಯೂಲ್, ಅಂದರೆ ಒಂದು ಹಲ್ಲಿಗೆ 0.6 ಮಿಲಿಮೀಟರ್ ವ್ಯಾಸ. ಮೊದಲ ಎರಡು ಗೇರ್‌ಗಳ ನಡುವಿಂದ ನಡುವಿಗೆ ಇರಬೇಕಾದ ದೂರ ಸುಲಭದ ಲೆಕ್ಕ. 20ಕ್ಕೆ 28 ಕೂಡಿಸಿ, 0.6ರಿಂದ ಗುಣಿಸಿ, ಅರ್ಧ ಮಾಡಿ. 14.4 ಮಿಲಿಮೀಟರ್. ಆದರೆ ಅಷ್ಟೇ ಇಟ್ಟರೆ ಹಲ್ಲಿಗೆ ಹಲ್ಲು ಒತ್ತಿಕೊಂಡು ಕೂರುತ್ತದೆ. ಪ್ಲಾಸ್ಟಿಕ್ ಗೇರ್ ಬಿಸಿಯಾದರೆ ಹಿಗ್ಗುತ್ತದೆ, ಯಾವ ಗೇರೂ ನೂರಕ್ಕೆ ನೂರು ದುಂಡಗಿರುವುದಿಲ್ಲ, ಗ್ರೀಸಿಗೂ ಜಾಗ ಬೇಕು. ಹಾಗಾಗಿ ದೂರವನ್ನು ಒಂದು ಕೂದಲಷ್ಟು ಜಾಸ್ತಿ ಮಾಡಬೇಕು. ನಾನು ಬರೆದದ್ದು ಹೀಗೆ: «ದೂರ 14.5. ಸಡಿಲ 0.1.»

ಗೆಳೆಯ ಅದನ್ನು ಓದಿದ. ಎಲ್ಲೋ 0.1 ಸಡಿಲ ಉಳಿದುಬಿಟ್ಟಿದೆ, ಸರಿಮಾಡು ಅಂತ ಹೇಳ್ತಿದ್ದಾನೆ ಅಂದುಕೊಂಡ. ಸರಿಮಾಡಿದ. 14.4 ಆಯಿತು. ಅದನ್ನು ನೈಲಾನಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದೆವು. ನೈಲಾನ್ ತಣ್ಣಗಾಗುವಾಗ ಕುಗ್ಗುತ್ತದೆ. ಕೊನೆಗೆ ಅಳೆದರೆ 14.3. ಕೈಯಲ್ಲಿ ತಿರುಗಿಸಿದಾಗ ಬಿಗಿ ಅನ್ನಿಸಿತು. ಓಡಿದ ಮೇಲೆ ಸರಿಹೋಗುತ್ತೆ ಬಿಡು ಅಂದೆ ನಾನು. ಅದು ನನ್ನ ತಪ್ಪು, ಪದದ್ದಲ್ಲ. ನಾಲ್ಕೇ ನಿಮಿಷಕ್ಕೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ನಡುವಿನ ಗೇರಿನ ಹಲ್ಲೆಲ್ಲ ಬೆಣ್ಣೆ.

ಇಂಗ್ಲಿಷಿನಲ್ಲಿ ಇದನ್ನು ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ಅದು ದೋಷದ ಹೆಸರಲ್ಲ, ಅಳತೆಯ ಹೆಸರು. ಇಷ್ಟಿರಲಿ ಅಂತ ಚಿತ್ರದಲ್ಲಿ ಬರೆಯುವಂಥದ್ದು. ಕನ್ನಡದ 'ಸಡಿಲ' ಹಾಗಲ್ಲ. ನಟ್ಟು ಸಡಿಲ, ಗಂಟು ಸಡಿಲ, ಹಿಡಿತ ಸಡಿಲ, ಎಲ್ಲವೂ ಬಿಗಿಮಾಡಬೇಕಾದ ಸಂಗತಿಗಳೇ. ನಿಯಮ ಸಡಿಲವಾದಾಗ ಮಾತ್ರ ನಮಗೆ ಖುಷಿ. ಗೆಳೆಯ ಓದಿದ ರೀತಿಯಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹಾಗಾದರೆ ಯಾವ ಪದ? 'ಹಿಂಬಡಿತ' ಅಂತ ಒಬ್ಬರು ಸೂಚಿಸಿದರು. ಇಂಗ್ಲಿಷನ್ನು ಮುರಿದು ತುಂಡು ತುಂಡಾಗಿ ಕನ್ನಡ ಮಾಡಿದ್ದು. ಯಾರು ಯಾರನ್ನು ಬಡಿದರು ಅಂತ ಕೇಳಬೇಕಾಗುತ್ತದೆ. ಬೇಡ. 'ಸಂದು', 'ಎಡೆ' ಚೆನ್ನಾಗಿವೆ. ಆದರೆ ಗೋಡೆಯ ಸಂದಿನ ಹಾಗೆ ಇವು ಸುಮ್ನೆ ಇರುವ ಜಾಗ. ಯಾರೋ ಲೆಕ್ಕಹಾಕಿ ಇಟ್ಟದ್ದು ಅನ್ನುವುದು ಅವುಗಳಲ್ಲಿ ಕಾಣುವುದಿಲ್ಲ.

ಗಾಡಿ ರಿಪೇರಿಯವರ ಬಾಯಲ್ಲಿ ಇದಕ್ಕೆ ಆಗಲೇ ಒಂದು ಪದ ಇದೆ. 'ಆಟ'. ಬೇರಿಂಗಿನಲ್ಲಿ ಆಟ ಬಂದಿದೆ, ಸ್ಟಿಯರಿಂಗಿನಲ್ಲಿ ಆಟ ಜಾಸ್ತಿ ಆಗಿದೆ ಅಂತಾರಲ್ವಾ? ನನಗೆ ಬಹಳ ಇಷ್ಟವಾದ ಪದ. ಮೊದಲು ನೋಡಿದಾಗ ಇದೂ ದೋಷದ ಪದವೇ ಅನ್ನಿಸಿತು. ಹಲ್ಲು ಅಲ್ಲಾಡಿದರೆ ಕೀಳಿಸಬೇಕು, ಮೇಜು ಅಲುಗಾಡಿದರೆ ಕಾಲಿಗೆ ಕಾಗದ ಮಡಿಸಿ ಇಡಬೇಕು. ಆದರೆ 'ಆಡು' ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಗಾಳಿಯಾಡುವ ಕೋಣೆ. ಕೈಯಾಡುವಷ್ಟು ಜಾಗ. ಉಸಿರಾಟ. ಇಲ್ಲೆಲ್ಲ ಆಡುವುದು ಒಳ್ಳೆಯದು, ಆಡದೆ ಇದ್ದರೆ ಕಷ್ಟ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ನೀವು ಒಪ್ಪುತ್ತೀರೋ ಇಲ್ಲವೋ ನೋಡಿ. 'ಆಟ ಬಂದಿದೆ' ಅಂದರೆ ದೋಷ. 'ಆಟ ಬಿಟ್ಟಿದೆ' ಅಂದರೆ ಯಾರೋ ಯೋಚಿಸಿ ಇಟ್ಟದ್ದು. 'ಸಡಿಲ ಆಗಿದೆ' ಅಂದರೆ ಬಿಗಿಮಾಡು. 'ಸಡಿಲ ಬಿಟ್ಟಿದ್ದೇನೆ' ಅಂದರೆ ಮುಟ್ಟಬೇಡ. ಅಂದರೆ ಹೆಸರುಪದದಲ್ಲಿ ತೊಂದರೆ ಇರಲೇ ಇಲ್ಲ! ನನ್ನ ಟಿಪ್ಪಣಿಯಲ್ಲಿ ಕ್ರಿಯಾಪದ ಇರಲಿಲ್ಲ, ಅಷ್ಟೇ. ನಾವು ಮಾತಾಡುವಾಗ ಬೇಕಂತ ಆದದ್ದು, ತಾನಾಗಿ ಆದದ್ದು ಎರಡನ್ನೂ ಕ್ರಿಯಾಪದವೇ ಬೇರೆ ಮಾಡಿ ಹೇಳುತ್ತದೆ. 'ಬಿಡು' ಬಂದರೆ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ. 'ಬರು', 'ಆಗು' ಬಂದರೆ ಇಲ್ಲ.

ಸರಿ, ಆದರೆ ಎಂಜಿನಿಯರಿಂಗ್ ಚಿತ್ರದಲ್ಲಿ ವಾಕ್ಯ ಬರೆಯಲು ಜಾಗ ಎಲ್ಲಿ? ಒಂದು ಪದ, ಒಂದು ಅಂಕಿ. ಆ ಒಂದು ಪದದೊಳಗೇ ಕ್ರಿಯಾಪದ ಇರಬೇಕು. ಹಾಗಾಗಿ ನನ್ನ ಒಲವು 'ಬಿಡುವು' ಕಡೆಗೆ. ಬಿಟ್ಟದ್ದು ಬಿಡುವು. ಎರಡು ಸಾಲುಗಳ ನಡುವೆ ಬಿಡುವು, ಎರಡು ಕೆಲಸಗಳ ನಡುವೆ ಬಿಡುವು, ಎರಡು ಹಲ್ಲುಗಳ ನಡುವೆ ಬಿಡುವು. ಅಳತೆಗೂ ಒಗ್ಗುತ್ತದೆ. ಗೇರ್‌ಗಳ ದೂರವನ್ನು 0.1 ಹೆಚ್ಚಿಸಿದರೆ ಹಲ್ಲಿನ ಬದಿಯಲ್ಲಿ ಸುಮಾರು 0.07 ಬಿಡುವು ಸಿಗುತ್ತದೆ. ಹಲ್ಲಿನ ಒತ್ತುಕೋನ (ಹಲ್ಲಿಗೆ ಹಲ್ಲು ಒತ್ತುವ ಓರೆ) 20 ಡಿಗ್ರಿ ಇದ್ದಾಗಿನ ಲೆಕ್ಕ ಇದು. ಮೋಟಾರಿನ ಗೇರ್ ಕೂರಿಸುವಾಗ ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಎರಡು ಗೇರ್‌ಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಒತ್ತಿ ಹಿಡಿದು, ಸ್ಕ್ರೂ ಬಿಗಿಮಾಡಿ, ಕಾಗದವನ್ನು ತಿರುಗಿಸಿ ಹೊರಗೆ ತೆಗೆಯುತ್ತಾರೆ. ಕಾಗದದಷ್ಟು ಬಿಡುವು ಉಳಿಯುತ್ತದೆ.

ತೊಡಕೂ ಇದೆ. 'ಹಲ್ಲುಬಿಡುವು' ಅಂತ ಕೂಡಿಸಿದರೆ ಹಲ್ಲು ಕಿರಿದ ಹಾಗಾಗುತ್ತದೆ. ಬರೀ 'ಬಿಡುವು 0.07' ಅಂತ ಬರೆದು ಗೆಳೆಯನಿಗೆ ತೋರಿಸಿದೆ. ಯಾರಿಗೆ ಬಿಡುವು, ನಿನಗಾ ನನಗಾ ಅಂದ. ಆದರೆ ಒಂದು ಗಮನಿಸಿದೆ. ನಕ್ಕನೇ ಹೊರತು, ಅದನ್ನು ತೆಗೆಯಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಈ ಸಂದಿಯ ಜೊತೆಯಲ್ಲೇ ಬರುವ ಇನ್ನೊಂದು ಮಾತು, ಮೆಶ್. ಹಲ್ಲಿಗೆ ಹಲ್ಲು ಕೂಡಿಕೊಳ್ಳುವುದು. ಇದಕ್ಕೆ 'ಕಚ್ಚು' ಸಾಕು ಅನ್ನಿಸುತ್ತದೆ. ಗೇರ್ ಕಚ್ಚುತ್ತಿಲ್ಲ, ಕಚ್ಚಿಕೊಂಡಿದೆ, ಪೂರ್ತಿ ಅಗಲಕ್ಕೆ ಕಚ್ಚಿಲ್ಲ. ಹಲ್ಲು ಇದ್ದಮೇಲೆ ಕಚ್ಚಲೇಬೇಕಲ್ಲ.

ಇನ್ನು ನನ್ನ ಪಟ್ಟಿಯಲ್ಲಿ ಉಳಿದವು. ಗೇರ್ ಅನ್ನುವ ಪದವನ್ನೇ ಬದಲಿಸುವ ಆಸೆ ನನಗಿಲ್ಲ. ಪಠ್ಯಪುಸ್ತಕದ 'ದಂತಚಕ್ರ' ಕೇಳಿದರೆ ಹಲ್ಲಿನ ಡಾಕ್ಟರು ನೆನಪಾಗುತ್ತಾರೆ. 'ಹಲ್ಲುಗಾಲಿ' ಮುದ್ದಾಗಿದೆ, ಬರೆಯುವಾಗ ಬಳಸುತ್ತೇನೆ, ಮಾತಾಡುವಾಗ ಗೇರ್ ಅನ್ನುತ್ತೇನೆ. 'ಗೇರು' ಅಂತ ಉಕಾರ ಸೇರಿಸಿ ಬರೆದರೆ ಮಾತ್ರ ಬೀಜ, ಹಣ್ಣು ಎಲ್ಲ ಬಂದುಬಿಡುತ್ತವೆ. ಎಚ್ಚರ.

ಸ್ಪರ್ ಅನ್ನುವುದು ಇಂಗ್ಲಿಷಿನಲ್ಲೇ ಗೊಂದಲ. ಎಂಜಿನಿಯರಿಂಗಿನಲ್ಲಿ ಸ್ಪರ್ ಗೇರ್ ಅಂದರೆ ನೇರ ಹಲ್ಲಿನ ಯಾವುದೇ ಗೇರ್. ಈ ಹವ್ಯಾಸದಲ್ಲಿ ಸ್ಪರ್ ಅಂದರೆ ಒಂದೇ ಒಂದು, ಮೋಟಾರಿನ ಪುಟ್ಟ ಪಿನಿಯನ್ ತಿರುಗಿಸುವ ದೊಡ್ಡ ಗೇರ್. ನಿಜ ಹೇಳಬೇಕೆಂದರೆ ಪಿನಿಯನ್ ಕೂಡ ಸ್ಪರ್ ಗೇರೇ. ಹೊಸಬರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. 'ಮರಿಗೇರ್', 'ತಾಯಿಗೇರ್' ಅಂದರೆ ಹೇಗೆ? 24 ಹಲ್ಲಿನ ಮರಿ, 78 ಹಲ್ಲಿನ ತಾಯಿ. ಮರಿ ತಾಯಿಯನ್ನು ತಿರುಗಿಸುತ್ತದೆ ಅನ್ನುವುದು ಮಕ್ಕಳಿರುವವರಿಗೆ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಹಲ್ಲಿನ ಅಳತೆ ಹೇಳುವುದಕ್ಕೆ ಎರಡು ಪದ್ಧತಿ ಇವೆ, ಒಂದಕ್ಕೊಂದು ಉಲ್ಟಾ. 48 ಪಿಚ್, 64 ಪಿಚ್ ಅಂತ ಒಂದು. ಅಂಕಿ ದೊಡ್ಡದಾದಷ್ಟೂ ಹಲ್ಲು ಚಿಕ್ಕದು. 0.6 ಮಾಡ್ಯೂಲ್, 0.8 ಮಾಡ್ಯೂಲ್ ಅಂತ ಇನ್ನೊಂದು. ಅಂಕಿ ದೊಡ್ಡದಾದರೆ ಹಲ್ಲೂ ದೊಡ್ಡದು. 48 ಪಿಚ್ಚನ್ನು ಮಾಡ್ಯೂಲಿಗೆ ತಂದರೆ ಸುಮಾರು 0.53. ಕಣ್ಣಿಗೆ 0.6ರ ಹಾಗೇ ಕಾಣುತ್ತದೆ, ಜೋಡಿಸಿದರೆ ಎರಡೂ ಹಾಳು. ಇದಕ್ಕೆ ಹೊಸ ಪದವೇ ಬೇಡ, ನಮ್ಮ 'ಗೆ', 'ಕ್ಕೆ' ಸಾಕು ಅಂತ ನನ್ನ ಅನಿಸಿಕೆ. ಗೇರಿನ ವ್ಯಾಸದ ಒಂದು ಅಂಗುಲಕ್ಕೆ ಎಷ್ಟು ಹಲ್ಲು ಅನ್ನುವುದು ಪಿಚ್. ಒಂದು ಹಲ್ಲಿಗೆ ಎಷ್ಟು ಮಿಲಿಮೀಟರ್ ವ್ಯಾಸ ಅನ್ನುವುದು ಮಾಡ್ಯೂಲ್. 'ಅಂಗುಲಕ್ಕೆ 48', 'ಹಲ್ಲಿಗೆ 0.6'. ಇಷ್ಟು ಬರೆದರೆ ಯಾರೂ ಎರಡನ್ನೂ ಬೆರೆಸುವುದಿಲ್ಲ. ವಿಭಕ್ತಿಯೇ ಕಾವಲು ಕಾಯುತ್ತದೆ.

ಅನುಪಾತದ ಮಾತೂ ಹಾಗೇ ಜಾರುತ್ತದೆ. 78ನ್ನು 24ರಿಂದ ಭಾಗಿಸಿದರೆ 3.25. ಒಳಗಿನ ಮೂರು ಗೇರ್‌ಗಳದ್ದು, 52ನ್ನು 20ರಿಂದ ಭಾಗಿಸಿ, 2.6. ಗುಣಿಸಿದರೆ 8.45. ಅಂದರೆ ಮೋಟಾರು 8.45 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು. ಈಗ 'ಗೇರ್ ಹೆಚ್ಚಿಸು' ಅಂದರೆ ಏನು ಮಾಡಲಿ? ಅಂಕಿ ಹೆಚ್ಚಿಸಿದರೆ ವೇಗ ಕಡಿಮೆಯಾಗುತ್ತದೆ. ವೇಗ ಹೆಚ್ಚಿಸಿದರೆ ಅಂಕಿ ಇಳಿಯುತ್ತದೆ. ನಾನು 'ಇಳಿತ 8.45' ಅಂತ ಬರೆಯುತ್ತಿದ್ದೇನೆ. ಸುತ್ತು ಎಷ್ಟು ಪಟ್ಟು ಇಳಿಯಿತು ಅಂತ. ಇಳಿತ ಜಾಸ್ತಿ ಅಂದರೆ ಗಾಡಿ ನಿಧಾನ, ಎಳೆತ ಜೋರು. ಸಮುದ್ರದ ಇಳಿತದ ಜೊತೆ ಗೊಂದಲ ಆಗಲಾರದು ಅಂದುಕೊಂಡಿದ್ದೇನೆ.

ಸ್ಲಿಪ್ಪರ್ ಕ್ಲಚ್ ಅನ್ನು ಕಂಪ್ಯೂಟರಿನ ಅನುವಾದಕ್ಕೆ ಕೊಟ್ಟರೆ ಚಪ್ಪಲಿ ಮಾಡಿಕೊಡುತ್ತದೆ. ಬಗ್ಗಿ ಹಾರಿ ನೆಲಕ್ಕೆ ಬಿದ್ದಾಗ ತಿರುಗುವ ಚಕ್ರಕ್ಕೆ ತಟ್ಟನೆ ತಡೆ ಬೀಳುತ್ತದೆ. ಆ ಪೆಟ್ಟು ಹಲ್ಲಿಗೆ ಹೋಗದ ಹಾಗೆ ಒಂದು ಗಳಿಗೆ ಜಾರಿಕೊಡುವುದು ಇದರ ಕೆಲಸ. 'ಜಾರುಹಿಡಿ' ಅನ್ನೋಣವೇ? ಕ್ಲಚ್ ಅಂದರೆ ಹಿಡಿ, ಇದು ಜಾರುವ ಹಿಡಿ. ಸಂದಿ ಸರಿಹೊಂದಿಸಲು ಇಡುವ ತೆಳು ಬಳೆ ಶಿಮ್‌ಗೆ 'ಬಿಲ್ಲೆ' ಸಾಕು, 0.1ರ ಬಿಲ್ಲೆ, 0.2ರ ಬಿಲ್ಲೆ. ಡಿಫರೆನ್ಶಿಯಲ್‌ನಿಂದ ಚಕ್ರಕ್ಕೆ ಬಲ ಒಯ್ಯುವ ಸರಳು ಡಾಗ್‌ಬೋನ್ 'ನಾಯಿಮೂಳೆ'ಯೇ ಇರಲಿ, ನೋಡಲು ಹಾಗೇ ಇದೆ. ಅದರ ತುದಿ ಕೂರುವ ಕಪ್‌ಗೆ 'ಬಟ್ಟಲು'. ಡಿಫರೆನ್ಶಿಯಲ್‌ಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಎಲ್ಲರ ಬಾಯಲ್ಲೂ ಅದು ಆಗಲೇ 'ಡಿಫ್' ಆಗಿದೆ.

ಒಂದು ತಮಾಷೆ ಹೇಳಿಬಿಡುತ್ತೇನೆ. ಆಕ್ಸಲ್‌ಗೆ ಹಳೆಯ ಪದ 'ಅಚ್ಚು'. ಪ್ರಿಂಟ್ ಮಾಡುವುದಕ್ಕೂ 'ಅಚ್ಚು'. ಎರಕದ ಮೋಲ್ಡಿಗೂ 'ಅಚ್ಚು'. ಹೋದ ವಾರ ನಾನು ಬರೆದ ಟಿಪ್ಪಣಿ: «ಅಚ್ಚನ್ನು ಅಚ್ಚು ಹಾಕಬೇಡ, ಸ್ಟೀಲಿನದ್ದೇ ಇರಲಿ.» ಬರೆದವನಿಗೇ ಎರಡನೇ ಸಲ ಓದಬೇಕಾಯಿತು. ಈಗ ಆಕ್ಸಲ್‌ಗೆ 'ಇರುಸು' ಅಂತ ಬದಲಿಸಿಕೊಂಡಿದ್ದೇನೆ.

ಕೊನೆಯದು ನನಗೆ ನಿಜಕ್ಕೂ ಸಿಗದ ಪದ. ಸುಟ್ಟುಹೋದ ಆ ನಡುವಿನ ಗೇರ್. ಇಂಗ್ಲಿಷಿನಲ್ಲಿ ಐಡ್ಲರ್, ಅಂದರೆ ಸೋಮಾರಿ. ಯಾಕೆಂದರೆ ಅದಕ್ಕೆ 28 ಹಲ್ಲಿರಲಿ 30 ಇರಲಿ, ಇಳಿತ ಅದೇ 2.6. ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಆದರೆ ಅದನ್ನು ತೆಗೆದರೆ ಮೇಲಿನ ಗೇರೂ ಡಿಫ್ಫೂ ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಒಂದು ಹಾಕಿದರೆ ಒಂದೇ ದಿಕ್ಕು. ಎರಡು ಹಾಕಿದರೆ ಮತ್ತೆ ಉಲ್ಟಾ, ಆಗ ಮೋಟಾರೂ ಚಕ್ರವೂ ಒಂದೇ ಕಡೆಗೆ ತಿರುಗುತ್ತವೆ. ಹಾರಿದ ಗಾಡಿಯ ಮೂತಿ ಗಾಳಿಯಲ್ಲಿ ಎಷ್ಟು ಏಳುತ್ತದೆ ಅನ್ನುವುದರ ಮೇಲೂ ಇದರ ಪರಿಣಾಮ ಇದೆ. ಮೇಲಾಗಿ ಎರಡು ಕಡೆಯಿಂದಲೂ ಹಲ್ಲು ಕಚ್ಚಿಸಿಕೊಳ್ಳುವ ಗೇರ್ ಇದೊಂದೇ. ಇದನ್ನು ಸೋಮಾರಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

'ನಡುಗಾಲಿ' ಅಂತ ಯೋಚಿಸಿದೆ. ಅವಸರದಲ್ಲಿ ಓದಿದರೆ 'ನಡುಗಲಿ' ಆಗುತ್ತದೆ. ಗೇರ್‌ಬಾಕ್ಸಿಗೆ ಒಳ್ಳೆಯ ಹಾರೈಕೆ ಅಲ್ಲ. 'ಮಧ್ಯಸ್ಥ' ಅರ್ಥಕ್ಕೆ ಸರಿ, ಆದರೆ ಜಗಳ ಬಿಡಿಸಲು ಬಂದ ಹಿರಿಯರ ಹಾಗಿದೆ. 'ದಾಟುಗಾಲಿ' ಅಂತ ಇನ್ನೊಂದಿದೆ, ಬಲವನ್ನು ಆಚೆಗೆ ದಾಟಿಸುವುದು ಅಂತ, ಅದು ಎಲ್ಲ ಗೇರೂ ಮಾಡುವ ಕೆಲಸ. ದಿಕ್ಕು ತಿರುಗಿಸುವುದು ಪದದಲ್ಲಿ ಬರಬೇಕು, ಬಾಯಿಗೆ ಸಲೀಸಾಗಿರಬೇಕು, ನಾಲ್ಕು ಅಕ್ಷರ ಮೀರಬಾರದು. ನಿಮ್ಮ ಕಡೆ ಕೆಲಸಗಾರರ ಬಾಯಲ್ಲಿ ಕೇಳಿದ ಮಾತು ಯಾವುದಾದರೂ ಇದ್ದರೆ ನಿಘಂಟಿನ ಪದಕ್ಕಿಂತ ಅದನ್ನೇ ಮೊದಲು ತಿಳಿಸಿ. ಹೊಸ ಚಿತ್ರದಲ್ಲಿ ಉಳಿದ ಎಲ್ಲ ಭಾಗಗಳಿಗೂ ಹೆಸರು ಬರೆದಾಗಿದೆ. ಅದೊಂದರ ಮುಂದೆ ಗೆಳೆಯ ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾನೆ.