ಸಹಾಯ ಬೇಕು: ಸರೋವರದ ಪಂಪ್ ನೀರು ಹಿಡಿಯುತ್ತಿಲ್ಲ

ಬಂಧುಗಳೇ, ಕೆನಡಾದ ವಾಯವ್ಯ ಒಂಟಾರಿಯೋದಲ್ಲಿ, ರಸ್ತೆಯೇ ಇಲ್ಲದ ಒಂದು ಸರೋವರದ ದಡದಲ್ಲಿ, ಗಾಳ ಹಾಕಿ ಮೀನು ಹಿಡಿಯಲು ಬರುವವರ ಶಿಬಿರ ನೋಡಿಕೊಳ್ಳುತ್ತಿದ್ದೇನೆ. ಮಂಜುಗಡ್ಡೆ ಕರಗಿತೆಂದು ನೀರಿನ ಮೇಲಿಳಿಯುವ ವಿಮಾನದಲ್ಲಿ ಬಂದು ನಾಲ್ಕು ದಿನವಾಯಿತು. ನಮ್ಮ ಭಾಗದಲ್ಲಿ ಮೇ ತಿಂಗಳ ಮೂರನೇ ಶನಿವಾರ ವಾಲ್‌ಐ ಮೀನಿನ ಹಂಗಾಮು ತೆರೆಯುತ್ತದೆ. ಅಷ್ಟರೊಳಗೆ ಐದೂ ಕ್ಯಾಬಿನ್‌ಗಳಿಗೆ ನೀರು ಬರಲೇಬೇಕು.

ಪೆಟ್ರೋಲ್ ಪಂಪಿಗೆ ಬಾಯಿತುಂಬ ನೀರು ಹೊಯ್ದು ಚಾಲೂ ಮಾಡಿದರೆ ಅರ್ಧ ನಿಮಿಷ ಚೆನ್ನಾಗಿ ಎತ್ತುತ್ತದೆ. ಆಮೇಲೆ ಪೈಪಿನ ಬಾಯಲ್ಲಿ ನೀರು ಬಿಟ್ಟು ಬಿಟ್ಟು ಉಗುಳಿ, ಬರೀ ಗಾಳಿ. ನೀರೆಳೆಯುವ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಫುಟ್‌ವಾಲ್ವ್ ಬಿಚ್ಚಿ ತೊಳೆದೆ. ಒಂದು ಪೈನ್ ಎಲೆ ಸಿಕ್ಕಿತ್ತು, ತೆಗೆದರೂ ಗುಣವಾಗಲಿಲ್ಲ. ಚಳಿಗಾಲಕ್ಕೆ ಮುನ್ನ ನೀರು ಬಸಿದಿಟ್ಟಿದ್ದೆವು. ಆದರೂ ಎಲ್ಲೋ ಉಳಿದದ್ದು ಹೆಪ್ಪುಗಟ್ಟಿ ಕವಚ ಸೀಳಿರಬಹುದೆಂಬ ಅನುಮಾನ ನನಗೆ. ಸೋಪಿನ ನೀರು ಹಚ್ಚಿ ನೋಡಿದೆ. ಎಳೆಯುವ ಕಡೆಯ ಬಿರುಕು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆಯಲ್ಲ, ನೊರೆ ಏಳುವುದೇ ಇಲ್ಲ.

ಹೊಳೆಯಿಂದ ತೋಟಕ್ಕೆ ನೀರೆತ್ತುವವರು ಈ ಬಳಗದಲ್ಲಿ ಬಹಳ ಮಂದಿ ಇದ್ದೀರಿ. ಕೂದಲೆಳೆಯಷ್ಟು ಬಿರುಕನ್ನು ಹೇಗೆ ಹುಡುಕುತ್ತೀರಿ? ಎಂ-ಸೀಲ್ ಮೆತ್ತಿದರೆ ಒಂದು ಹಂಗಾಮು ತಡೆಯುತ್ತದೆಯೇ, ಪಂಪಿನ ಸೀಲ್ ಬದಲಿಸಲೇಬೇಕೇ? ಮುಂದಿನ ವಿಮಾನ ಗುರುವಾರ. ಬಿಡಿಭಾಗ ಬೇಕಿದ್ದರೆ ಬುಧವಾರ ಸಂಜೆಯೊಳಗೆ ಹೇಳಿ ಕಳುಹಿಸಬೇಕು.

ಇನ್ನೊಂದು: ಹಾಸಿಗೆಗಳಲ್ಲೆಲ್ಲ ಇಲಿ ಹಿಕ್ಕೆ. ಅದರ ಧೂಳು ಉಸಿರಿಗೆ ಹೋದರೆ ತಗಲುವ ಹಂಟಾ ವೈರಸ್ ಭಯಕ್ಕೆ ಒಣಗಿದ್ದನ್ನು ಗುಡಿಸದೆ, ಬ್ಲೀಚ್ ನೀರಿನಲ್ಲಿ ನೆನೆಸಿ ಒರೆಸುತ್ತಿದ್ದೇವೆ. ಅದಕ್ಕೂ ಸರೋವರದಿಂದ ಬಕೆಟ್ಟಿನಲ್ಲೇ ಹೊರುತ್ತಿದ್ದೇವೆ. ದಯವಿಟ್ಟು ಬೇಗ ತಿಳಿಸಿ.