ಸ್ಯಾನ್ ಫ್ರಾನ್ಸಿಸ್ಕೋ ವಿಮಾನವೂ ಅಜ್ಜಿಯ ಹಂಡೆಯೂ

ಶಿಡ್ಲಘಟ್ಟದ ಚಿಕ್ಕಪ್ಪ ಬೆಳಗ್ಗೆ ಕಾಫಿಗೂ ಮುಂಚೆ ನಮ್ಮ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಎಚ್ಚರ! ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನ 24,000 ಕಿ.ಮೀ. ಹಾರುತ್ತದೆ. ಬೇಕಂತಲೇ ಉತ್ತರ ಧ್ರುವ ಸುತ್ತಿಸಿ ದುಡ್ಡು ಕೀಳುತ್ತಾರೆ. ಹತ್ತು ಜನಕ್ಕೆ ಕಳಿಸಿ."

ಅವರ ಮಗಳು ಇರುವುದು ಅಲ್ಲೇ. ಟಿಕೆಟ್ ದುಬಾರಿ ಅಂತ ಈ ಸಲ ಯುಗಾದಿಗೆ ಬರಲಿಲ್ಲ. ಫಾರ್ವರ್ಡ್ ಮಾಡೋಕೆ ಅಷ್ಟು ಸಾಕು.

ಒಂದಷ್ಟು ಜನ ಓದದೆ ಕೈ ಮುಗಿದರು. ಆಮೇಲೆ ಭಾವ ಬಂದರು. ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಗುಡ್ ಮಾರ್ನಿಂಗ್ ಅಂದರೂ ಆಧಾರ ಕೇಳುತ್ತಾರೆ.

"ಯಾರು ಬರೆದದ್ದು ಇದು? ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಯಾವ ಎರಡು ಊರು ತಗೊಂಡರೂ ನೇರ ದೂರ 20,000 ದಾಟಲ್ಲ. ಇದು ಹೆಚ್ಚೂ ಕಮ್ಮಿ 14,000."

"ನಾನೇ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ನೋಡಿದೀನಿ ಅಳಿಯಂದ್ರೇ."

"ಮ್ಯಾಪ್ ಚಪ್ಪಟೆ, ಭೂಮಿ ಗುಂಡಗಿದೆ ಮಾವ."

ದೊಡ್ಡಪ್ಪ ಸುಮ್ನಿರಲಿಲ್ಲ. "ದೂರ ಎಷ್ಟಾದರೇನು? ಹೆತ್ತವರನ್ನು ಬಿಟ್ಟು ಹೋಗಬಾರದು. ನಮ್ಮ ಕಾಲದಲ್ಲಿ ಚಿಂತಾಮಣಿ ದಾಟಿದರೆ ಪರದೇಶ." ಅವರ ಮಗ ದುಬೈನಲ್ಲಿದ್ದಾನೆ. ಅದನ್ನು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಮಗಳೇ ಬಂದಳು. "ಅಪ್ಪಾ, ನಡುವೆ ಎಲ್ಲೂ ಇಳಿಯದೆ ಹಾರಿದರೆ ಹತ್ತಿರ ಹತ್ತಿರ 17 ಗಂಟೆ. ಗಾಳಿ ನೋಡ್ಕೊಂಡು ದಾರಿ ಹಾಕ್ತಾರೆ. ಹಿಂದಿನಿಂದ ಗಾಳಿ ಸಿಕ್ಕರೆ ಸ್ವಲ್ಪ ಸುತ್ತಿದರೂ ಇಂಧನ ಉಳಿಯತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಮೊದಲ ಸಲ ಇಲ್ಲಿಂದ ಬೆಂಗಳೂರಿಗೆ ಹಾರಿದಾಗ ಪೈಲಟ್‌ಗಳೆಲ್ಲ ಹೆಂಗಸರೇ. ಅವರೂ ಧ್ರುವದ ಮೇಲೇ ಬಂದ್ರು. ಅದು ಸುತ್ತುದಾರಿ ಅಲ್ಲ, ಒಳದಾರಿ."

"ಇಷ್ಟೆಲ್ಲ ಗೊತ್ತಿರೋಳು ಹಬ್ಬಕ್ಕೆ ಬರಬಹುದಿತ್ತು," ಅಂತ ಚಿಕ್ಕಪ್ಪ.

ಗೌರಿಬಿದನೂರಿನ ಅಣ್ಣನಿಗೆ ವಿಮಾನ ಅಂದ ಕೂಡಲೇ ದೇವನಹಳ್ಳಿ ನೆನಪಾಯಿತು. "2008ರಲ್ಲಿ ಏರ್‌ಪೋರ್ಟ್ ಶುರುವಾದಾಗ ಟೆಂಪೋ ಮಾಡ್ಕೊಂಡು ನೋಡೋಕೆ ಹೋಗಿದ್ವಲ್ಲ! ಬೇಲಿ ಪಕ್ಕ ಕೂತು ಪುಳಿಯೋಗರೆ ತಿಂದ್ವಿ. ಎಂಥಾ ದಿನ!"

"ಆ ಟೆಂಪೋ ಬಾಡಿಗೆ ಇನ್ನೂ ನನ್ನ ಕೈಗೆ ಬಂದಿಲ್ಲ," ಅಂತ ಚಿಂತಾಮಣಿ ಮಾವ. ಅಣ್ಣ ಆಮೇಲೆ ಆನ್‌ಲೈನ್ ಕಾಣಲಿಲ್ಲ.

ಭಾವ ಮಾತ್ರ ಬಿಡಲಿಲ್ಲ. ಶಾಲೆ ಕಾಲದ ಹಳೇ ಗ್ಲೋಬ್ ತೆಗೆದು, ಹೂ ಕಟ್ಟುವ ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆದು ಹಿಡಿದು ಫೋಟೋ ಹಾಕಿದರು. ದಾರ ತಾನಾಗೇ ಮೇಲಕ್ಕೆ ಸರಿದು ಧ್ರುವದ ಹತ್ತಿರ ಹೋಗಿ ಕೂತಿತ್ತು. ನಿಜಕ್ಕೂ ಚೆನ್ನಾಗಿತ್ತು. ಮಕ್ಕಳಿಗೆ ತೋರಿಸುವಂಥದ್ದು.

ಬಾಗೇಪಲ್ಲಿ ಅತ್ತೆ ಗುಂಪಿನಲ್ಲಿ ಬಾಯಿ ಬಿಡುವುದೇ ಅಪರೂಪ. ಅವರು ಕೇಳಿದರು: "ಗ್ಲೋಬ್ ಹಿಂದೆ ಇರೋದು ಅಮ್ಮನ ತಾಮ್ರದ ಹಂಡೆ ಅಲ್ವಾ?"

ಭಾವ ಟೈಪ್ ಮಾಡುತ್ತಾ ನಿಲ್ಲಿಸಿದರು. ಮತ್ತೆ ಟೈಪ್ ಮಾಡಿದರು.

"ತೂತು ಬಿತ್ತು, ಗುಜರಿಗೆ ಹಾಕಿದ್ವಿ ಅಂತ ಅಂದು ಹೇಳಿದ್ರಿ," ಅಂತ ಅತ್ತೆ ಮುಂದುವರಿಸಿದರು. "ಕಂಠದ ಹತ್ತಿರ ನೆಗ್ಗಿರೋದು ಕಾಣ್ತಿದೆ. ಅದು ನಾನೇ ಬೀಳಿಸಿದ್ದು."

ಆಗ ಗುಂಪಿನಲ್ಲಿ ಎಲ್ಲರೂ ಎದ್ದು ಕೂತರು. ಪಾಲು, ಬೀರು, ಬೆಳ್ಳಿ ಲೋಟ, ಯಾರ ಮದುವೆಗೆ ಎಷ್ಟು ಮುಯ್ಯಿ, ಎಲ್ಲ ಹೊರಬಂತು. ದೊಡ್ಡಪ್ಪ "ಹಂಡೆಗಾಗಿ ಸಂಬಂಧ ಕೆಡಬಾರದು" ಅಂದರು. "ನೀವು ಬೀರು ತಗೊಂಡೋರು, ಹೇಳ್ತೀರಿ," ಅಂತ ಉತ್ತರ ಬಂತು.

ಭಾವ ಫೋಟೋ ಅಳಿಸಿದರು. ಅಷ್ಟರಲ್ಲಿ ಅತ್ತೆ ಅದರ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿಯಾಗಿತ್ತು. ಗ್ಲೋಬ್ ಕತ್ತರಿಸಿ, ಹಂಡೆ ಒಂದನ್ನೇ.